ಉಗ್ರಾಣದಲ್ಲಿ ಹುಟ್ಟಿದ ಸಂಗೀತ

ಡಿ. ಜೆ. ಎಂಬ ಎರಡಕ್ಷರಗಳು ಕಿವಿಗೆ ಬಿದ್ದೊಡನೆ ನಮ್ಮ ಗೃಹಸ್ಥರ ಹುಬ್ಬು ಗಂಟಿಕ್ಕುವುದು ಸಹಜವಾಗಿದೆ. ಗಣೇಶೋತ್ಸವದ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಕರಿಯ ಪೆಟ್ಟಿಗೆಗಳು, ಅವುಗಳ ಅಬ್ಬರಕ್ಕೆ ನಡುಗುವ ಕಿಟಕಿಯ ಗಾಜುಗಳು, ತೊಟ್ಟಿಲಲ್ಲಿ ಬೆಚ್ಚಿ ಏಳುವ ಕೂಸು, ನಿದ್ರೆಗೆಟ್ಟ ವೃದ್ಧರು—ಆ ಹೆಸರಿನೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರವು ಇಷ್ಟೇ. ಮತ್ತೊಬ್ಬರು ಹಾಡಿದ ಹಾಡನ್ನು ಯಂತ್ರಕ್ಕೆ ಹಾಕಿ ಗುಂಡಿಯನ್ನು ಒತ್ತುವವನಲ್ಲಿ ವಿದ್ಯೆ ಏನಿದ್ದೀತು, ಅದನ್ನು ಒಂದು ವೃತ್ತಿಯೆಂದು ಕರೆಯಬಹುದೆ ಎಂದು ಕೇಳುವವರು ಬಹುಮಂದಿ. ಮಗನು ಈ ಕಸುಬಿಗೆ ಹೋಗುವೆನೆಂದರೆ ಯಾವ ತಂದೆಯು ತಾನೇ ಸಂತೋಷಪಟ್ಟಾನು?

ಈ ಪ್ರಶ್ನೆಗೆ ವಾದದಿಂದ ಉತ್ತರ ಹೇಳುವುದಕ್ಕಿಂತ, ಆ ಕಸುಬಿನಲ್ಲಿಯೇ ಆಯುಷ್ಯವನ್ನು ಕಳೆದ ಒಬ್ಬನ ಜೀವನವನ್ನು ವಾಚಕರ ಮುಂದಿಡುವುದು ಮೇಲೆಂದು ನಮಗೆ ತೋರುತ್ತದೆ. ಆತನ ಹೆಸರು ಫ್ರಾಂಕಿ ನಕಲ್ಸ್. ಅಮೆರಿಕದ ಷಿಕಾಗೋ ನಗರದಲ್ಲಿ ಈತನು ರಾತ್ರಿಗಳನ್ನು ಬೆಳಗು ಮಾಡಿ ರೂಪಿಸಿದ ನೃತ್ಯಸಂಗೀತವು ‘ಹೌಸ್’ ಎಂಬ ಹೆಸರಿನಿಂದ ಇಂದು ಭೂಮಂಡಲದ ಎಲ್ಲ ದೊಡ್ಡ ನಗರಗಳಲ್ಲಿಯೂ ಕೇಳಿಬರುತ್ತಿದೆ. ಆದರೆ ಅದು ಹುಟ್ಟಿದ್ದು ಅರಮನೆಯಲ್ಲಲ್ಲ, ನಾಟಕಶಾಲೆಯಲ್ಲಲ್ಲ. ಯಾರೂ ತಿರುಗಿ ನೋಡದ ಒಂದು ಹಳೆಯ ಕೈಗಾರಿಕೆಯ ಕಟ್ಟಡದಲ್ಲಿ.

ಫ್ರಾಂಕಿಯು ೧೯೫೫ನೆಯ ಇಸವಿಯ ಜನವರಿ ೧೮ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ ಜನಿಸಿದನು. ತಂದೆತಾಯಿಗಳು ಇಟ್ಟ ಹೆಸರು ಫ್ರಾನ್ಸಿಸ್ ನಿಕೋಲ್ಸ್. ಕಪ್ಪು ಜನರ ಮನೆತನದಲ್ಲಿ ಹುಟ್ಟಿದ ಈ ಹುಡುಗನು ಮೊದಲು ಕಲಿಯಹೊರಟದ್ದು ಸಂಗೀತವನ್ನಲ್ಲ, ಬಟ್ಟೆಗಳ ಮೇಲೆ ಚಿತ್ತಾರವನ್ನು ರಚಿಸುವ ವಿದ್ಯೆಯನ್ನು. ಹದಿಹರೆಯದಲ್ಲಿ ಅವನಿಗೆ ಲ್ಯಾರಿ ಲೆವಾನ್ ಎಂಬ ಗೆಳೆಯನು ದೊರಕಿದನು. ಇಬ್ಬರೂ ಒಂದೇ ಜೀವವೆಂಬಂತೆ ನ್ಯೂಯಾರ್ಕಿನ ನೃತ್ಯಶಾಲೆಗಳನ್ನು ಸುತ್ತಿದರು. ‘ಗ್ಯಾಲರಿ’ ಎಂಬ ಒಂದು ಶಾಲೆಯಲ್ಲಿ ಬಲೂನುಗಳನ್ನು ಊದಿ ಕಟ್ಟುವುದು, ಸಭಾಂಗಣವನ್ನು ಸಿಂಗರಿಸುವುದು ಮುಂತಾದ ಚಿಲ್ಲರೆ ಕೆಲಸಗಳಿಂದಲೇ ಅವರ ಉಮೇದುವಾರಿಕೆಯು ಆರಂಭವಾಯಿತು. ಬಳಿಕ ‘ಕಾಂಟಿನೆಂಟಲ್ ಬಾತ್ಸ್’ ಎಂಬ ಸ್ನಾನಗೃಹದ ನೃತ್ಯಾಂಗಣದಲ್ಲಿ ಲ್ಯಾರಿಯು ತಟ್ಟೆಗಳನ್ನು ನುಡಿಸತೊಡಗಿದನು. ಅವನು ಬೇರೆ ಕಡೆಗೆ ಹೋದ ಮೇಲೆ ಆ ಸ್ಥಾನವು ಫ್ರಾಂಕಿಗೆ ಬಂದಿತು. ಈ ಕಸುಬಿಗೆ ಆಗ ಪಾಠಶಾಲೆಯಿರಲಿಲ್ಲ, ಪುಸ್ತಕವೂ ಇರಲಿಲ್ಲ. ನಡುರಾತ್ರಿಯಿಂದ ಬೆಳಗಿನ ವರೆಗೆ ನಿಂತು, ಎದುರಿನ ಜನರ ಕಾಲುಗಳನ್ನೂ ಮುಖಗಳನ್ನೂ ನೋಡುತ್ತ ಕಲಿಯುವುದೊಂದೇ ಮಾರ್ಗವಾಗಿತ್ತು.

ಇಲ್ಲಿ ಆ ಕಸುಬಿನ ಮರ್ಮವನ್ನು ಸ್ವಲ್ಪ ವಿವರಿಸುವುದು ಅವಶ್ಯವು. ಮನೆಯ ಗ್ರಾಮಫೋನಿನಲ್ಲಿ ಒಂದು ತಟ್ಟೆ ಮುಗಿದ ಮೇಲೆ ಮೌನವು ಕವಿಯುತ್ತದೆ. ಕೇಳುವವರು ಎದ್ದು ಹೋಗಿ ಮತ್ತೊಂದನ್ನು ಹಾಕಬೇಕು. ನೃತ್ಯಶಾಲೆಯಲ್ಲಿ ಆ ಮೌನವು ಬರಕೂಡದು. ಬಂದರೆ ಕುಣಿಯುವವರ ಉತ್ಸಾಹದ ಎಳೆಯು ಕಡಿದುಹೋಗುತ್ತದೆ. ಆದುದರಿಂದ ಡಿ. ಜೆ.ಯ ಮುಂದೆ ಎರಡು ತಟ್ಟೆಯಂತ್ರಗಳೂ, ಅವೆರಡರ ಧ್ವನಿಯನ್ನು ಹದಗೊಳಿಸುವ ಒಂದು ಪೆಟ್ಟಿಗೆಯೂ ಇರುತ್ತವೆ. ಒಂದರ ಹಾಡು ಸಭೆಗೆ ಕೇಳಿಸುತ್ತಿರುವಾಗಲೇ ಮತ್ತೊಂದನ್ನು ಆತನು ಕಿವಿಗೆ ಕಟ್ಟಿದ ಕೇಳುಗೆಯಲ್ಲಿ ತಾನೊಬ್ಬನೇ ಕೇಳುತ್ತಾನೆ. ಒಂದರ ಲಯವು ನಿಮಿಷಕ್ಕೆ ೧೧೮ ಪೆಟ್ಟು, ಮತ್ತೊಂದರದು ೧೨೨ ಪೆಟ್ಟು ಎಂದಿಟ್ಟುಕೊಳ್ಳೋಣ. ತಟ್ಟೆಯು ತಿರುಗುವ ವೇಗವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ, ಎರಡರ ಪೆಟ್ಟುಗಳೂ ಒಂದರ ಮೇಲೊಂದು ಬೀಳುವಂತೆ ಕೂಡಿಸಿ, ಹಳೆಯ ಹಾಡನ್ನು ಮೆಲ್ಲನೆ ಹಿಂದಕ್ಕೆ ಸರಿಸಿ ಹೊಸದನ್ನು ಮುಂದಕ್ಕೆ ತರಬೇಕು. ಎಲ್ಲಿ ಒಂದು ಮುಗಿದು ಮತ್ತೊಂದು ಮೊದಲಾಯಿತೆಂಬುದು ಕುಣಿಯುವವನಿಗೆ ತಿಳಿಯಬಾರದು, ಅದೇ ಕೈಚಳಕವು.

ಆದರೆ ಕೈಚಳಕಕ್ಕಿಂತಲೂ ಮುಖ್ಯವಾದದ್ದು ಯಾವ ಹಾಡಿನ ಬೆನ್ನಿಗೆ ಯಾವುದೆಂಬ ವಿವೇಕ. ನಮ್ಮ ಕರಾವಳಿಯ ಬಯಲಾಟಗಳನ್ನು ನೋಡಿದವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಭಾಗವತನು ಪ್ರೇಕ್ಷಕರು ತೂಕಡಿಸುವ ಹೊತ್ತಾವುದು, ಚೆಂಡೆಯನ್ನು ಏರಿಸಬೇಕಾದ ಹೊತ್ತಾವುದು ಎಂಬುದನ್ನು ಬಲ್ಲವನಾಗಿ ಇರುಳೆಲ್ಲವನ್ನೂ ಬೆಳಗಿನ ಕಡೆಗೆ ನಡಸಿಕೊಂಡು ಹೋಗುತ್ತಾನೆ. ಒಳ್ಳೆಯ ಡಿ. ಜೆ.ಯ ಕೆಲಸವೂ ಅಂಥದೇ. ಹೂ ಕಟ್ಟುವವಳು ಹೂವನ್ನು ಬೆಳೆದವಳಲ್ಲ; ಆದರೂ ದಂಡೆಯು ಅವಳದು. ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತೆಂದು ನಮ್ಮಲ್ಲಿ ಗಾದೆಯುಂಟು. ಫ್ರಾಂಕಿಯ ಕಥೆಯಲ್ಲಿ ನಾರೇ ಅನೇಕ ಹೂಗಳನ್ನು ಮೇಲಕ್ಕೆತ್ತಿತೆಂದು ಹೇಳಬೇಕಾಗಿದೆ.

೧೯೭೭ರಲ್ಲಿ ಷಿಕಾಗೋ ನಗರದ ದಕ್ಷಿಣ ಜೆಫರ್ಸನ್ ಬೀದಿಯ ೨೦೬ನೆಯ ನಂಬರಿನ ಕಟ್ಟಡದಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವನು ಒಂದು ನೃತ್ಯಶಾಲೆಯನ್ನು ತೆರೆದನು. ಅವನು ಮೊದಲು ಕರೆದದ್ದು ಲ್ಯಾರಿಯನ್ನು. ಆದರೆ ಅದೇ ಸಮಯದಲ್ಲಿ ನ್ಯೂಯಾರ್ಕಿನಲ್ಲಿ ‘ಪ್ಯಾರಡೈಸ್ ಗರಾಜ್’ ಎಂಬ ಶಾಲೆಯು ಲ್ಯಾರಿಗಾಗಿಯೇ ಸಿದ್ಧವಾಗುತ್ತಿತ್ತು, ಅವನು ಒಲ್ಲೆನೆಂದನು. ಆಗ ಆ ಆಮಂತ್ರಣವು ಫ್ರಾಂಕಿಗೆ ಬಂದಿತು. ಇಪ್ಪತ್ತೆರಡು ವರ್ಷದ ತರುಣನು ಹುಟ್ಟೂರನ್ನು ಬಿಟ್ಟು, ಗುರುತುಪರಿಚಯವಿಲ್ಲದ ನಗರಕ್ಕೆ ತಟ್ಟೆಗಳ ಪೆಟ್ಟಿಗೆಗಳೊಡನೆ ಹೊರಟನು. ಶಾಲೆಯನ್ನು ಜನರು ‘ವೇರ್‌ಹೌಸ್’, ಎಂದರೆ ಉಗ್ರಾಣ, ಎಂದು ಕರೆಯತೊಡಗಿದರು.

ಅಲ್ಲಿಗೆ ಬರುತ್ತಿದ್ದವರು ಯಾರು? ಹೆಚ್ಚಿನವರು ಕಪ್ಪು ಜನರ ಮತ್ತು ಲ್ಯಾಟಿನ್ ಅಮೆರಿಕದ ಮೂಲದವರ ಮಕ್ಕಳು. ಅವರಲ್ಲಿಯೂ ಬಹುಮಂದಿ ಸಲಿಂಗಪ್ರೇಮಿಗಳಾದ ತರುಣರು. ಫ್ರಾಂಕಿಯೂ ಅವರಲ್ಲಿ ಒಬ್ಬನೇ. ಬಣ್ಣದ ಕಾರಣದಿಂದ ಊರ ನಡುವಿನ ಶಾಲೆಗಳು ಅವರಿಗೆ ಬಾಗಿಲು ಮುಚ್ಚುತ್ತಿದ್ದವು. ಸ್ವಭಾವದ ಕಾರಣದಿಂದ ಎಷ್ಟೋ ವೇಳೆ ಹೆತ್ತವರ ಮನೆಗಳೇ ಬಾಗಿಲು ಮುಚ್ಚುತ್ತಿದ್ದವು. ವಾರದ ಆರು ದಿನಗಳೂ ತಲೆ ತಗ್ಗಿಸಿ ನಡೆದವರು ಶನಿವಾರದ ರಾತ್ರಿ ಇಲ್ಲಿಗೆ ಬಂದು ಆದಿತ್ಯವಾರ ಹೊತ್ತೇರುವ ವರೆಗೆ ಇರುತ್ತಿದ್ದರು. ಅಲ್ಲಿ ಮದ್ಯವನ್ನು ಮಾರುತ್ತಿರಲಿಲ್ಲ. ಹಣ್ಣಿನ ರಸ, ನೀರು ಇವೇ ದೊರೆಯುತ್ತಿದ್ದವು. ಮಾದಕ ವಸ್ತುಗಳ ಸೋಂಕು ಇಂಥ ಶಾಲೆಗಳಿಗೆ ಇರಲೇ ಇಲ್ಲವೆಂದು ನಾವು ಹೇಳಲಾರೆವು. ಅದರ ಪರಿಣಾಮವನ್ನು ಮುಂದೆ ಹೇಳುವೆವು. ಆದರೆ ಜನರನ್ನು ಅಲ್ಲಿಗೆ ಸೆಳೆದದ್ದು ಫ್ರಾಂಕಿಯ ಸಂಗೀತವು. ದೀಪಗಳೆಲ್ಲವನ್ನೂ ಆರಿಸಿ, ಕತ್ತಲಲ್ಲಿ ವೇಗವಾಗಿ ಬರುವ ರೈಲಿನ ಸದ್ದನ್ನು ಸಭಾಂಗಣದ ಈ ಕಡೆಯಿಂದ ಆ ಕಡೆಗೆ ಹಾಯಿಸಿ, ಜನರು ಕೂಗಿ ಎದ್ದೊಡನೆ ಹೊಸ ಹಾಡನ್ನು ಎತ್ತಿಕೊಳ್ಳುತ್ತಿದ್ದನಂತೆ. ದೇವರ ಮನೆಯಿಂದ ಹೊರಗಾದವರಿಗೆ ಈ ಸ್ಥಳವೇ ಒಂದು ದೇವಮಂದಿರವೆಂಬ ಅರ್ಥದ ಮಾತನ್ನು ಫ್ರಾಂಕಿಯು ಮುಂದೆ ಆಡಿದ್ದುಂಟು. ಅಲ್ಲಿ ಕುಣಿದವರು ಅದನ್ನು ಅತಿಶಯೋಕ್ತಿಯೆಂದು ಭಾವಿಸಲಿಲ್ಲ.

ಹೀಗೆ ಎರಡು ವರ್ಷಗಳು ಕಳೆಯುವಷ್ಟರಲ್ಲಿ ಒಂದು ವಿಪತ್ತು ಒದಗಿತು. ಆ ಕಾಲದ ನೃತ್ಯಸಂಗೀತಕ್ಕೆ ‘ಡಿಸ್ಕೋ’ ಎಂದು ಹೆಸರು. ಅದು ಅತಿಯಾಗಿ ಹಬ್ಬಿ, ವ್ಯಾಪಾರಿಗಳ ಕೈಯಲ್ಲಿ ಸವೆದು, ಅನೇಕರಿಗೆ ಬೇಸರವನ್ನು ತಂದಿತ್ತು. ೧೯೭೯ನೆಯ ಇಸವಿ ಜುಲೈ ೧೨ರಂದು ಇದೇ ಷಿಕಾಗೋ ನಗರದ ಕಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಸ್ಟೀವ್ ಡಾಲ್ ಎಂಬ ರೇಡಿಯೋ ಕಾರ್ಯಕ್ರಮದವನು ಒಂದು ವಿಚಿತ್ರವಾದ ಉತ್ಸವವನ್ನು ಹೂಡಿದನು. ಒಂದು ಡಿಸ್ಕೋ ತಟ್ಟೆಯನ್ನು ತಂದವರಿಗೆ ೯೮ ಸೆಂಟುಗಳಿಗೆ ಪ್ರವೇಶ. ಎರಡು ಆಟಗಳ ನಡುವೆ ಆ ತಟ್ಟೆಗಳನ್ನೆಲ್ಲ ಮೈದಾನದ ಮಧ್ಯದಲ್ಲಿ ರಾಶಿ ಹಾಕಿ ಸಿಡಿಮದ್ದಿನಿಂದ ಹಾರಿಸಲಾಯಿತು. ಸಾವಿರಾರು ಜನರು ಮೈದಾನಕ್ಕೆ ನುಗ್ಗಿ, ಆಟದ ನೆಲವನ್ನು ಹಾಳುಗೆಡವಿದರು; ಪೋಲೀಸರು ಬಂದು ಚದರಿಸಬೇಕಾಯಿತು; ಎರಡನೆಯ ಆಟವು ನಡೆಯಲೇ ಇಲ್ಲ. ಸುಟ್ಟುಹೋದ ತಟ್ಟೆಗಳಲ್ಲಿ ಡಿಸ್ಕೋವಲ್ಲದ, ಕೇವಲ ಕಪ್ಪು ಗಾಯಕರದೆಂಬ ಕಾರಣಕ್ಕೆ ಬಂದವುಗಳೂ ಇದ್ದುವೆಂದು ಅಲ್ಲಿ ಕೆಲಸಕ್ಕಿದ್ದವರೇ ಹೇಳಿದ್ದಾರೆ. ಅದು ಬರಿಯ ಸಂಗೀತದ ಮೇಲಿನ ಕೋಪವಾಗಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಈ ಘಟನೆಯ ತರುವಾಯ ತಟ್ಟೆಯ ಕಂಪೆನಿಗಳು ಡಿಸ್ಕೋವಿನಿಂದ ಕೈ ತೆಗೆಯತೊಡಗಿದುವು. ಕುಣಿತಕ್ಕೆ ತಕ್ಕ ವೇಗದ ಹೊಸ ಹಾಡುಗಳು ವಿರಳವಾದವು. ಉಗ್ರಾಣಕ್ಕೆ ಬರುವ ಜನರು ಮಾತ್ರ ಕಡಿಮೆಯಾಗಲಿಲ್ಲ. ಹೋಗಲು ಬೇರೆಡೆಯಿಲ್ಲದವರು ಎಲ್ಲಿಗೆ ಹೋದಾರು? ಬೇರೆಯವನಾಗಿದ್ದರೆ ಕಾಲಕ್ಕೆ ತಕ್ಕ ಕೋಲವೆಂದು ಹೊಸ ಬಗೆಯ ಸಂಗೀತಕ್ಕೂ ಹೊಸ ಬಗೆಯ ಗಿರಾಕಿಗಳಿಗೂ ತಿರುಗಿಕೊಳ್ಳುತ್ತಿದ್ದನು. ಫ್ರಾಂಕಿಯು ತನ್ನ ಜನರನ್ನು ಬಿಡಲಿಲ್ಲ. ಪೇಟೆಯು ಹಾಡನ್ನು ಕೊಡದಿದ್ದರೆ ಇದ್ದ ಹಾಡನ್ನೇ ಹೊಸದು ಮಾಡುವೆನೆಂದು ಕುಳಿತನು.

ಆ ಕೆಲಸವು ಎಂಥ ತಾಳ್ಮೆಯದೆಂಬುದನ್ನು ನೋಡಬೇಕು. ಹಾಡನ್ನು ಮೊದಲು ದೊಡ್ಡ ಸುರುಳಿಯ ಟೇಪಿಗೆ ಇಳಿಸಿಕೊಳ್ಳುವುದು. ಕುಣಿಯುವವರಿಗೆ ಹಿಡಿಸುವ ಭಾಗವು, ಎಂದರೆ ಹಾಡು ನಿಂತು ಬರಿಯ ತಾಳವಾದ್ಯವೂ ಮಂದ್ರ ತಂತಿಯೂ ನುಡಿಯುವ ಭಾಗವು, ಮೂಲದಲ್ಲಿ ಕೆಲವೇ ಸೆಕೆಂಡುಗಳಷ್ಟು ಇರುತ್ತದೆ. ಅದನ್ನು ಹಲವು ಸಲ ಇಳಿಸಿಕೊಂಡು, ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ತುಂಡಿಗೆ ತುಂಡನ್ನು ಅಂಟುಪಟ್ಟಿಯಿಂದ ಜೋಡಿಸುವುದು. ನಿಮಿಷಕ್ಕೆ ೧೨೦ ಪೆಟ್ಟುಗಳ ಹಾಡು, ಸೆಕೆಂಡಿಗೆ ೧೫ ಅಂಗುಲ ಓಡುವ ಟೇಪು ಎಂದಿಟ್ಟುಕೊಂಡರೆ ಒಂದು ಪೆಟ್ಟಿನಿಂದ ಮತ್ತೊಂದಕ್ಕೆ ಏಳೂವರೆ ಅಂಗುಲ. ಅರ್ಧ ಅಂಗುಲ ತಪ್ಪಿದರೂ ಲಯವು ಎಡವುತ್ತದೆ, ಸಭೆಯೆಲ್ಲ ಒಟ್ಟಿಗೆ ಮುಗ್ಗರಿಸುತ್ತದೆ. ಹೀಗೆ ಮೂರು ನಾಲ್ಕು ನಿಮಿಷಗಳ ಹಾಡು ಹತ್ತು ನಿಮಿಷಗಳದಾಗುತ್ತಿತ್ತು. ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ, ಕೇಳಿ ಸಾಕಾದ ಹಾಡು ಕೇಳಿಯೇ ಇರದ ಹಾಡಾಗುತ್ತಿತ್ತು. ಬಟ್ಟೆಯ ಚಿತ್ತಾರವನ್ನು ಕಲಿತ ಕೈ ಇಲ್ಲಿ ಉಪಯೋಗಕ್ಕೆ ಬಂದಿತೆಂದು ನಾವು ಊಹಿಸಿದರೆ ತಪ್ಪಾಗಲಾರದು. ಚಿತ್ತಾರವೆಂದರೂ ಒಂದು ಸಣ್ಣ ರೂಪವನ್ನು ಬೇಸರ ಬಾರದಂತೆ ಮರಳಿ ಮರಳಿ ಹಾಕುವುದೇ ಅಲ್ಲವೆ?

ಷಿಕಾಗೋವಿನ ತರುಣರು ತಟ್ಟೆಯಂಗಡಿಗಳಿಗೆ ಹೋಗಿ, “ವೇರ್‌ಹೌಸಿನಲ್ಲಿ ಕೇಳಿದ ಹಾಡನ್ನು ಕೊಡಿ” ಎಂದು ಕೇಳತೊಡಗಿದರು. ಅಂಗಡಿಯವರು ಅಂಥ ತಟ್ಟೆಗಳಿಗೆ ಆ ಹೆಸರಿನ ಚೀಟಿಯನ್ನು ಅಂಟಿಸಿದರು. ದಿನ ಕಳೆದಂತೆ ‘ವೇರ್’ ಎಂಬುದು ಉದುರಿ ‘ಹೌಸ್’ ಎಂಬುದೊಂದೇ ಉಳಿಯಿತೆಂದು ಹೇಳುತ್ತಾರೆ. ಉಗ್ರಾಣವು ಹೀಗೆ ಮನೆಯಾಯಿತು. ಮನೆಯಿಂದ ಹೊರಬಿದ್ದವರು ಕಟ್ಟಿಕೊಂಡ ಸಂಗೀತಕ್ಕೆ ಮನೆಯೆಂದೇ ಹೆಸರು ನಿಂತದ್ದು ಕಾಕತಾಳೀಯವಾದರೂ ಎಷ್ಟು ಸಾರ್ಥಕವಾಗಿದೆ!

ಶಾಲೆಯವರು ಪ್ರವೇಶದ ದರವನ್ನು ಏರಿಸಿ ವ್ಯಾಪಾರದ ಕಡೆಗೆ ವಾಲಿದಾಗ ಫ್ರಾಂಕಿಯು ೧೯೮೨ರಲ್ಲಿ ಅದನ್ನು ಬಿಟ್ಟು ‘ಪವರ್ ಪ್ಲಾಂಟ್’ ಎಂಬ ಸ್ವಂತ ಶಾಲೆಯನ್ನು ನಡೆಸಿದನು. ಆ ವೇಳೆಗೆ ಜಪಾನಿನ ರೋಲಂಡ್ ಕಂಪೆನಿಯು ತಾಳವನ್ನು ತಾನೇ ನುಡಿಸುವ ವಿದ್ಯುದ್ಯಂತ್ರಗಳನ್ನು ಮಾರುತ್ತಿತ್ತು. ಅವುಗಳಲ್ಲಿ ೯೦೯ ಎಂಬ ಸಂಖ್ಯೆಯದನ್ನು ಡೆಟ್ರಾಯಿಟ್ ನಗರದ ಡೆರಿಕ್ ಮೇ ಎಂಬ ತರುಣ ಡಿ. ಜೆ.ಯಿಂದ ಫ್ರಾಂಕಿಯು ಕೊಂಡುಕೊಂಡನು. ಹಳೆಯ ಹಾಡಿನ ಕೆಳಗೆ ಆ ಯಂತ್ರದ ದೃಢವಾದ ಪೆಟ್ಟನ್ನು ಸೇರಿಸಿದಾಗ ಸಭೆಗೆ ಹೊಸ ಹುರುಪು ಬಂದಿತು. ಇಂಥ ಯಂತ್ರಗಳನ್ನು ಕೊಳ್ಳಬಲ್ಲ ಹುಡುಗರು ಮನೆಯ ನೆಲಮಾಳಿಗೆಗಳಲ್ಲಿ ಕುಳಿತು ತಾವೇ ಹಾಡುಗಳನ್ನು ರಚಿಸತೊಡಗಿದರು. ವಾದ್ಯಗೋಷ್ಠಿ ಬೇಡ, ಕಂಪೆನಿಯ ಕೃಪೆ ಬೇಡ. ಟೇಪನ್ನು ತಂದು ಫ್ರಾಂಕಿಯ ಕೈಗೆ ಕೊಟ್ಟರೆ, ಚೆನ್ನಾಗಿದ್ದರೆ ಆ ರಾತ್ರಿಯೇ ಅದು ಸಭೆಗೆ ಕೇಳಿಸುತ್ತಿತ್ತು. ಜೇಮಿ ಪ್ರಿನ್ಸಿಪಲ್ ಎಂಬ ತರುಣನ ‘ಯುವರ್ ಲವ್’ ಎಂಬ ಹಾಡು ಅಚ್ಚಾಗುವುದಕ್ಕೆ ಬಹು ಮುಂಚೆಯೇ ಹೀಗೆ ಟೇಪಿನಿಂದಲೇ ಊರೆಲ್ಲ ಹಬ್ಬಿತ್ತು.

ಮುಂದಿನ ಕಥೆಯನ್ನು ಬೇಗನೆ ಹೇಳಬಹುದು. ೧೯೮೭ರ ಜನವರಿಯಲ್ಲಿ ಷಿಕಾಗೋವಿನ ಸ್ಟೀವ್ ಹರ್ಲಿ ಎಂಬವನ ಹೌಸ್ ತಟ್ಟೆಯು ಇಂಗ್ಲೆಂಡಿನ ಮಾರಾಟದಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅದೇ ವರ್ಷ ಫ್ರಾಂಕಿಯು ಕೆಲವು ತಿಂಗಳು ಲಂಡನ್ನಿನಲ್ಲಿದ್ದು ಅಲ್ಲಿಯ ಶಾಲೆಯಲ್ಲಿ ನುಡಿಸಿದನು. ತರುವಾಯ ನ್ಯೂಯಾರ್ಕಿಗೆ ಮರಳಿ ಡೇವಿಡ್ ಮೊರಾಲಿಸ್ ಮೊದಲಾದವರೊಡನೆ ಕೂಡಿ ಪ್ರಸಿದ್ಧ ಗಾಯಕರ ಹಾಡುಗಳನ್ನು ನೃತ್ಯಕ್ಕಾಗಿ ಮರುರಚಿಸುವ ಕೆಲಸವನ್ನು ಕೈಗೊಂಡನು. ಮೈಕೇಲ್ ಜಾಕ್ಸನ್, ಡಯಾನಾ ರಾಸ್, ಲೂಥರ್ ವ್ಯಾಂಡ್ರಾಸ್ ಮುಂತಾದವರ ಹಾಡುಗಳು ಅವನ ಕೈಯಿಂದ ಹಾದುಹೋದುವು. ೧೯೯೧ರಲ್ಲಿ ಅವನ ಸ್ವಂತ ‘ವಿಸಲ್ ಸಾಂಗ್’ ಅಮೆರಿಕದ ನೃತ್ಯಪಟ್ಟಿಯ ಶಿಖರವನ್ನು ಮುಟ್ಟಿತು. ಕೊಳಲಿನಂತಹ ಇನಿದಾದ ಧ್ವನಿಯು ಮೆಲ್ಲನೆ ತೇಲುವ ಆ ಕೃತಿಯಲ್ಲಿ ಅಬ್ಬರದ ಸುಳಿವೇ ಇಲ್ಲ. ಮರುರಚನೆಗಾರರಿಗೆಂದು ಗ್ರಾಮಿ ಸಂಸ್ಥೆಯವರು ಹೊಸದಾಗಿ ಸ್ಥಾಪಿಸಿದ ಪ್ರಶಸ್ತಿಯು ೧೯೯೮ರಲ್ಲಿ ಮೊದಲಿಗೆ ದೊರೆತದ್ದು ಫ್ರಾಂಕಿಗೇ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾವು ಗೃಹಸ್ಥರಿಗೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಈ ಬದುಕಿಗೆ ತೆರಬೇಕಾದ ಬೆಲೆಯೂ ಇದೆ. ಬಾಲ್ಯದ ಗೆಳೆಯನಾದ ಲ್ಯಾರಿ ಲೆವಾನನು ಪ್ರತಿಭೆಯಲ್ಲಿ ಫ್ರಾಂಕಿಗೆ ಕಡಿಮೆಯವನಲ್ಲ, ಹೆಚ್ಚಿನವನೆನ್ನುವವರೂ ಇದ್ದಾರೆ. ಪ್ಯಾರಡೈಸ್ ಗರಾಜಿನಲ್ಲಿ ಹತ್ತು ವರ್ಷ ಅವನ ಮಾತೇ ಮಾತಾಗಿತ್ತು. ೧೯೮೭ರಲ್ಲಿ ಆ ಶಾಲೆಯು ಮುಚ್ಚಿತು. ಅದರ ಯಜಮಾನನು ಅದೇ ವರ್ಷ ಏಡ್ಸ್ ರೋಗದಿಂದ ತೀರಿಕೊಂಡನು. ಆ ಮಹಾಮಾರಿಯು ಅಂಥ ಶಾಲೆಗಳಲ್ಲಿ ಕುಣಿಯುತ್ತಿದ್ದ ಅಸಂಖ್ಯ ತರುಣರನ್ನು ಆ ವರ್ಷಗಳಲ್ಲಿ ಕೊಂಡೊಯ್ಯಿತು. ನೆಲೆ ತಪ್ಪಿದ ಲ್ಯಾರಿಯು ಮಾದಕ ವಸ್ತುಗಳ ಕೈಗೆ ಸಿಕ್ಕಿ, ಪ್ರೀತಿಯಿಂದ ಕೂಡಿಟ್ಟ ತಟ್ಟೆಗಳನ್ನು ಮಾರುವ ಸ್ಥಿತಿಗೆ ಇಳಿದು, ೧೯೯೨ರ ನವೆಂಬರಿನಲ್ಲಿ ಹೃದಯದ ಬೇನೆಯಿಂದ ಮೂವತ್ತೆಂಟನೆಯ ವಯಸ್ಸಿಗೇ ಕಣ್ಮುಚ್ಚಿದನು. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರಲ್ಲಿ ಒಬ್ಬನು ಮುಳುಗಿದನು, ಮತ್ತೊಬ್ಬನು ದಡ ಸೇರಿದನು. ವಿದ್ಯೆಯೊಂದೇ ಮನುಷ್ಯನನ್ನು ಕಾಯಲಾರದೆಂಬುದಕ್ಕೆ ಬೇರೆ ದೃಷ್ಟಾಂತವು ಬೇಕೆ?

ಫ್ರಾಂಕಿಯ ದೇಹವೂ ದಣಿವಿನಿಂದ ತಪ್ಪಿಸಿಕೊಳ್ಳಲಿಲ್ಲ. ನಡುವಯಸ್ಸಿನಲ್ಲಿ ಅವನಿಗೆ ಸಿಹಿಮೂತ್ರದ ರೋಗವು ಹತ್ತಿತು. ಹಿಂದೆ ಹಿಮದ ಮೇಲೆ ಜಾರುವ ಆಟದಲ್ಲಿ ಮುರಿದುಕೊಂಡ ಪಾದದ ಎಲುಬಿಗೆ ವ್ಯಾಧಿಯು ಸೇರಿ, ೨೦೦೮ರಲ್ಲಿ ಆ ಪಾದವನ್ನೇ ಕತ್ತರಿಸಿ ತೆಗೆಯಬೇಕಾಯಿತು. ನಿಂತೇ ಮಾಡಬೇಕಾದ ಕಸುಬಿನವನಿಗೆ ಇದಕ್ಕಿಂತ ದೊಡ್ಡ ಆಘಾತವುಂಟೆ? ಆದರೂ ಆತನು ಕೆಲಸವನ್ನು ಬಿಡಲಿಲ್ಲ. ದೇಶದೇಶಗಳಿಗೆ ಹೋಗಿ ನುಡಿಸುತ್ತಲೇ ಇದ್ದನು. ೨೦೧೪ನೆಯ ಇಸವಿಯ ಮಾರ್ಚಿ ತಿಂಗಳ ಕೊನೆಯಲ್ಲಿ ಲಂಡನ್ನಿನಲ್ಲಿ ನುಡಿಸಿ ಷಿಕಾಗೋವಿಗೆ ಮರಳಿದ ಕೆಲವೇ ದಿನಗಳಲ್ಲಿ, ಆ ತಿಂಗಳ ೩೧ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅದೇ ರೋಗದ ತೊಡಕುಗಳಿಂದ ಮೃತನಾದನು.

ನಗರವು ಅವನನ್ನು ಮರೆಯಲಿಲ್ಲ. ೨೦೦೪ರಲ್ಲಿಯೇ, ಅವನು ಬದುಕಿದ್ದಾಗಲೇ, ಉಗ್ರಾಣವಿದ್ದ ಜೆಫರ್ಸನ್ ಬೀದಿಯ ಒಂದು ಭಾಗಕ್ಕೆ ಅವನ ಹೆಸರನ್ನಿಟ್ಟರು; ಆಗ ರಾಜ್ಯದ ಶಾಸನಸಭೆಯಲ್ಲಿದ್ದು ಮುಂದೆ ರಾಷ್ಟ್ರಾಧ್ಯಕ್ಷನಾದ ಬರಾಕ್ ಒಬಾಮಾ ಆ ಕಾರ್ಯಕ್ಕೆ ನೆರವಾಗಿದ್ದನು. ೨೦೨೩ರಲ್ಲಿ ಆ ಕಟ್ಟಡವನ್ನು ನಗರದ ಐತಿಹಾಸಿಕ ಸ್ಮಾರಕವೆಂದು ಘೋಷಿಸಿದರು. ಅವನು ಜೀವಮಾನವೆಲ್ಲ ಕೂಡಿಸಿದ ಸುಮಾರು ಐದು ಸಾವಿರ ತಟ್ಟೆಗಳು ಷಿಕಾಗೋವಿನ ಸ್ಟೋನಿ ಐಲಂಡ್ ಬೀದಿಯಲ್ಲಿ, ೧೯೨೩ರಲ್ಲಿ ಬ್ಯಾಂಕಿಗೆಂದು ಕಟ್ಟಿ ಈಗ ಕಲಾಮಂದಿರವಾಗಿರುವ ಭವನವೊಂದನ್ನು ಸೇರಿವೆ. ಒಂದು ಕಾಲದಲ್ಲಿ ಇದೇ ಊರಿನ ಮೈದಾನದಲ್ಲಿ ಮದ್ದಿಟ್ಟು ಸುಟ್ಟಂಥ ತಟ್ಟೆಗಳನ್ನು ಇಂದು ನಾಣ್ಯಗಳಂತೆ ಜೋಪಾನ ಮಾಡುತ್ತಿದ್ದಾರೆ.

ಇನ್ನು ನಾವು ಎತ್ತಿದ ಪ್ರಶ್ನೆಗೆ ಬರೋಣ. ಬೇರೆಯವರ ಹಾಡನ್ನು ಹಾಕುವವನಲ್ಲಿ ವಿದ್ಯೆ ಏನಿದೆ? ಎದುರಿಗೆ ನಿಂತವರ ಮನಸ್ಸನ್ನು ತಿಳಿಯುವ ವಿದ್ಯೆಯಿದೆ. ಮೆರವಣಿಗೆಯ ಅಬ್ಬರದಲ್ಲಿ ನಮಗೆ ಹಿಂಸೆಯಾಗುವುದು ಯಂತ್ರದ ದೋಷದಿಂದಲ್ಲ. ಕೇಳುವವರು ಯಾರು, ಅವರಿಗೆ ಬೇಕಾದದ್ದೇನು ಎಂಬ ಪರಿವೆಯೇ ನಡಸುವವನಿಗೆ ಇಲ್ಲದುದರಿಂದ. ಫ್ರಾಂಕಿಗೆ ಇದ್ದದ್ದು ಆ ಪರಿವೆಯೇ. ಪೇಟೆಯು ಕೈಬಿಟ್ಟ ಹಾಡನ್ನು ಅವನು ಉಳಿಸಿದ್ದು ಹಾಡಿನ ಮೋಹದಿಂದಲ್ಲ. ಮನೆಮಠ ಕೈಬಿಟ್ಟ ಮಕ್ಕಳು ಮುಂದಿನ ಶನಿವಾರವೂ ಬರುವರೆಂಬುದನ್ನು ಬಲ್ಲವನಾದುದರಿಂದ. ಆ ಮಕ್ಕಳಿಗೆ ಉಗ್ರಾಣವೊಂದು ಮನೆಯಾಗಬೇಕಾಗಿ ಬಂದದ್ದು ಏಕೆಂಬುದನ್ನು ಮನೆಯುಳ್ಳ ನಾವು ಒಮ್ಮೆ ಯೋಚಿಸುವುದು ಒಳ್ಳೆಯದು. ಮಗನ ಕಸುಬಿನ ವಿಚಾರಕ್ಕಿಂತ ಮೊದಲು ಮಗನಿಗಾಗಿ ಬಾಗಿಲು ತೆರೆದಿದೆಯೆ ಎಂಬುದು ಗೃಹಸ್ಥನು ನೋಡಿಕೊಳ್ಳಬೇಕಾದ ವಿಷಯವು.